25,400 ರೂಪಾಯಿ ಎಸ್ಟಿಮೇಟ್‌ನಲ್ಲಿ ಕಾರಿಗೆ ಬೇಕಾಗಿರೋದು ಎಷ್ಟು, ಸರ್ವಿಸ್ ಸೆಂಟರ್‌ಗೆ ಬೇಕಾಗಿರೋದು ಎಷ್ಟು?

ಪ್ರಶ್ನೆ: ನಮ್ದು ಐದು ವರ್ಷ ಹಳೇ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುವಲ್ ಗೇರ್, 38,000 ಕಿ.ಮೀ. ಓಡಿದೆ. ವಿದ್ಯಾರಣ್ಯಪುರದಿಂದ ಮಾನ್ಯತಾ ಟೆಕ್ ಪಾರ್ಕ್‌ಗೆ ವಾರದಲ್ಲಿ ನಾಲ್ಕು ದಿನ ಹೋಗ್ತೀನಿ, ಎರಡು ಮೂರು ತಿಂಗಳಿಗೊಂದ್ಸಲ ಹಾಸನಕ್ಕೆ ಊರಿಗೆ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ 40,000 ಕಿ.ಮೀ. ಸರ್ವಿಸ್‌ಗೆ ಅಂತ ಕೇಳಿದ್ರೆ 25,400 ರೂಪಾಯಿ ಎಸ್ಟಿಮೇಟ್ ಕೊಟ್ಟಿದಾರೆ. ಆಯಿಲ್, ಫಿಲ್ಟರ್, ಪ್ಲಗ್, ಬ್ರೇಕ್ ಆಯಿಲ್, ಕೂಲೆಂಟ್, ಅಲೈನ್‌ಮೆಂಟ್ ಎಲ್ಲಾ ಇದೆ, ಜೊತೆಗೆ ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಅಂಡರ್‌ಬಾಡಿ ಕೋಟಿಂಗ್, ಎಸಿ ಟ್ರೀಟ್‌ಮೆಂಟ್, ಇಲಿ ಸ್ಪ್ರೇ ಹೀಗೆ ಏನೇನೋ. ಅಪ್ಪ ಹಿಂದೆ ಪದ್ಮಿನಿ ಕಾರು ಓಡಿಸ್ತಿದ್ದವರು, ಐದು ಸಾವಿರಕ್ಕೊಂದ್ಸಲ ಆಯಿಲ್ ಬದಲಾಯಿಸ್ಲೇಬೇಕು ಅಂತಾರೆ. ಆಫೀಸಲ್ಲಿ ಒಬ್ರು ಆಯಿಲ್ ಬಿಟ್ಟು ಮಿಕ್ಕಿದ್ದೆಲ್ಲ ಮೋಸ ಅಂತಾರೆ. ಇಲ್ಲ ಅಂದ್ರೆ ಕಾರು ದಾರಿಯಲ್ಲಿ ನಿಲ್ಲತ್ತೇನೋ ಅಂತ ಭಯ, ಹ್ಞೂಂ ಅಂದ್ರೆ ಹೆಣ್ಮಗಳು ಅಂತ ಟೋಪಿ ಹಾಕ್ತಿದಾರೇನೋ ಅಂತ ಅನುಮಾನ. ಆಯುಧ ಪೂಜೆ ಒಳಗೆ ಸರ್ವಿಸ್ ಆಗ್ಬೇಕು ಅಂತ ಅಪ್ಪನ ಹಠ ಬೇರೆ. ಏನು ಮಾಡ್ಲಿ?

ಉತ್ತರ: ಮೊದಲು ಅನುಮಾನದ ವಿಷಯ ಮುಗಿಸಿಬಿಡೋಣ. ಹೆಣ್ಮಗಳು ಅಂತ ಮಾತ್ರ ಅಲ್ಲ ಮೇಡಂ, ಗಂಡಸರಿಗೂ ಇದೇ ಲಿಸ್ಟ್ ಕೊಡ್ತಾರೆ, ಅವರು ಗೊತ್ತಿರೋರ ಥರ ತಲೆ ಆಡಿಸಿ ಸೈನ್ ಹಾಕ್ತಾರೆ ಅಷ್ಟೇ. ನಾನು ಈ ಲೈನಿಗೆ ಬಂದು 22 ವರ್ಷ, ಅದ್ರಲ್ಲಿ 9 ವರ್ಷ ಅಂಥದೇ ಒಂದು ಸೆಂಟರ್‌ನಲ್ಲಿ ಅಡ್ವೈಸರ್ ಆಗಿದ್ದೆ, ಈಗ ವಿಲ್ಸನ್ ಗಾರ್ಡನ್‌ನಲ್ಲಿ ನಂದೇ ಗ್ಯಾರೇಜು. ಆ ಲಿಸ್ಟನ್ನ ನನ್ನ ಕೈಯಾರೆ ನೂರಾರು ಸಲ ಬರೆದಿದೀನಿ. ನಮ್ಮ ವರ್ಕ್ಸ್ ಮ್ಯಾನೇಜರ್ ರೂಮಲ್ಲಿ ಒಂದು ಬಿಳಿ ಬೋರ್ಡ್ ಇತ್ತು, ಎಡಗಡೆ ನಮ್ಮ ಹೆಸರು, ಬಲಗಡೆ ಯಾರು ಎಷ್ಟು 'ಟ್ರೀಟ್‌ಮೆಂಟ್' ಮಾರಿದಾರೆ ಅಂತ ಲೆಕ್ಕ. ತಿಂಗಳ 25ನೇ ತಾರೀಖು ದಾಟಿದ್ಮೇಲೆ ನನ್ನ ಹೆಸರಿನ ಮುಂದೆ ನಂಬರ್ ಕಮ್ಮಿ ಇದ್ರೆ ಆವತ್ತು ಬಂದ ಎಲ್ಲಾ ಕಾರಿಗೂ ಡಿಕಾರ್ಬನೈಸಿಂಗ್, ಅಂದ್ರೆ ಎಂಜಿನ್ ಒಳಗಿನ ಮಸಿ ತೆಗೆಯೋದು, ಬೇಕಾಗಿರ್ತಿತ್ತು. ಏನ್ಮಾಡೋದು, ಇನ್ಸೆಂಟಿವ್ ಅದ್ರಲ್ಲೇ ಇದ್ದಿದ್ದು.

ಹಾಗಂತ ನಿಮ್ಮ ಆಫೀಸಿನವರು ಹೇಳೋದೂ ಸರಿಯಲ್ಲ. ನೀವು ಕಳಿಸಿದ ಎಸ್ಟಿಮೇಟ್ ಫೋಟೋ ನೋಡ್ಕೊಂಡು ಕೂಡಿಸಿದೆ. ಕಾರು ಮಾಡಿದ ಕಂಪನಿ ಕೊಟ್ಟಿರೋ ಓನರ್ಸ್ ಮ್ಯಾನ್ಯುವಲ್‌ನಲ್ಲಿ ಬರೋ ಥರದ ಕೆಲಸಗಳು, ಲೇಬರ್ ಸೇರಿ, 12,600. ಮಿಕ್ಕಿದ 12,800 ಡೀಲರ್ ಸೇರಿಸಿದ್ದು. ಅಂದ್ರೆ ಒಂದೇ ಹಾಳೆಯಲ್ಲಿ ಇಬ್ಬರ ಬರಹ ಇದೆ, ಒಬ್ರು ಕಾರು ಮಾಡಿದವರು, ಇನ್ನೊಬ್ರು ಸರ್ವಿಸ್ ಮಾರೋರು. ನೀವು ಒಂದೊಂದು ಸಾಲಿನ ಮುಂದೆ ಬೆರಳಿಟ್ಟು ಕೇಳಬೇಕಾಗಿರೋದು "ಇದು ಬೇಕಾ" ಅಂತಲ್ಲ, ಬೇಕು ಅಂತಾನೇ ಹೇಳ್ತಾರೆ. "ಇದು ಮ್ಯಾನ್ಯುವಲ್‌ನಲ್ಲಿ ಯಾವ ಪುಟದಲ್ಲಿದೆ" ಅಂತ ಕೇಳಿ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಬಿದ್ದಿರತ್ತಲ್ಲ ಆ ಪುಸ್ತಕ, ಕೊನೇ ಕಡೆ ಒಂದು ಟೇಬಲ್ ಇರತ್ತೆ, ಎಷ್ಟು ಕಿಲೋಮೀಟರ್‌ಗೆ ಅಥವಾ ಎಷ್ಟು ತಿಂಗಳಿಗೆ ಏನು ಬದಲಾಯಿಸ್ಬೇಕು, ಏನು ಬರೀ ನೋಡ್ಬೇಕು ಅಂತ. 'ಬದಲಾಯಿಸು' ಮತ್ತೆ 'ಪರೀಕ್ಷಿಸು' ಎರಡಕ್ಕೂ ಬೇರೆ ಬೇರೆ ಅಕ್ಷರ ಇರತ್ತೆ ನೋಡ್ಕೊಳ್ಳಿ, ಎಷ್ಟೋ ಸಲ ಪರೀಕ್ಷಿಸು ಅಂತ ಇರೋದು ಬಿಲ್‌ಗೆ ಬರೋ ಹೊತ್ತಿಗೆ ಬದಲಾಯಿಸು ಆಗಿರತ್ತೆ.

ಆದ್ರೆ ಆ ಟೇಬಲ್‌ಗೂ ಒಂದು ಕೊರತೆ ಇದೆ, ಅದು ಕಿಲೋಮೀಟರ್ ಎಣಿಸತ್ತೆ. ಬೆಂಗಳೂರಲ್ಲಿ ಕಿಲೋಮೀಟರ್ ನಂಬೋ ಹಾಗಿಲ್ಲ. ಊರೂರಿನ ಟ್ರಾಫಿಕ್ ಅಳೆಯೋ ಟಾಮ್‌ಟಾಮ್ ಕಂಪನಿಯವರ 2022ರ ಲೆಕ್ಕದಲ್ಲಿ ನಮ್ಮ ಸಿಟಿ ಮಧ್ಯದಲ್ಲಿ 10 ಕಿ.ಮೀ. ಹೋಗೋಕೆ 29 ನಿಮಿಷ 10 ಸೆಕೆಂಡ್ ಬೇಕಿತ್ತು, ಅಂದ್ರೆ ಗಂಟೆಗೆ ಸುಮಾರು 20 ಕಿ.ಮೀ. ನಿಮ್ಮ ಕಾರಿನ ಡಿಸ್ಪ್ಲೇನಲ್ಲೂ ಆವರೇಜ್ ಸ್ಪೀಡ್ 19 ತೋರಿಸ್ತಿದೆ ಫೋಟೋದಲ್ಲಿ. ಅದನ್ನೇ ಅಂದಾಜಿಗೆ ಇಟ್ಕೊಂಡ್ರೆ 38,000 ಕಿ.ಮೀ.ಗೆ ಎಂಜಿನ್ ತಿರುಗಿರೋದು ಸುಮಾರು 2,000 ಗಂಟೆ. ದಿನಾ ಹೈವೇನಲ್ಲಿ 60ರ ಸರಾಸರಿಯಲ್ಲಿ ಓಡೋ ಕಾರು ಅದೇ 2,000 ಗಂಟೇಲಿ 1,20,000 ಕಿ.ಮೀ. ಮುಗಿಸಿರತ್ತೆ. ಹೆಬ್ಬಾಳ ಫ್ಲೈಓವರ್ ಮೇಲೆ ನೀವು ಮೊಬೈಲ್ ನೋಡ್ಕೊಂಡು ಕೂತಿರೋ ಹೊತ್ತಲ್ಲಿ ಓಡೋಮೀಟರ್ ನಿಂತಿರತ್ತೆ, ಆಯಿಲ್ ಮಾತ್ರ ಬೇಯ್ತಾ ಇರತ್ತೆ. ಎಷ್ಟೋ ಮ್ಯಾನ್ಯುವಲ್‌ಗಳಲ್ಲಿ ಇದಕ್ಕೇ ಅಂತ ಎರಡನೇ ಟೇಬಲ್ ಇದೆ, 'ಕಠಿಣ ಪರಿಸ್ಥಿತಿ' ಅಂತ, ಧೂಳು, ನಿಂತು ನಿಂತು ಹೋಗೋ ಟ್ರಾಫಿಕ್, ಹತ್ತಿರ ಹತ್ತಿರದ ಓಡಾಟ. ಓದಿದ್ರೆ ಅದು ಬೆಂಗಳೂರಿನ ವರ್ಣನೆ ಥರಾನೇ ಇರತ್ತೆ.

ಹಾಗಾಗಿ ಅಪ್ಪನ ಮಾತಿಗೆ ಬರೋಣ. ಪದ್ಮಿನಿ ಕಾಲದಲ್ಲಿ ಕಾರ್ಬ್ಯುರೇಟರ್, ದಪ್ಪ ಮಿನರಲ್ ಆಯಿಲ್, ಐದು ಸಾವಿರಕ್ಕೆ ಅದು ನಿಜಕ್ಕೂ ಸತ್ತೇ ಹೋಗಿರ್ತಿತ್ತು. ಈಗಿನ ಪೆಟ್ರೋಲ್ ಎಂಜಿನ್ನಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲು ಬರತ್ತೋ ಅದು, ಅನ್ನೋದು ಸಾಮಾನ್ಯ ಲೆಕ್ಕ. ನೀವು ವರ್ಷಕ್ಕೆ ಏಳೂವರೆ ಸಾವಿರ ಓಡಿಸ್ತೀರಾ, ಹಾಗಾಗಿ ನಿಮಗೆ ವರ್ಷದ ಲೆಕ್ಕವೇ ಮೊದಲು ಬರೋದು, ಇನ್ನೂ ಹತ್ತು ಸಾವಿರ ಆಗಿಲ್ಲ ಅಂತ ಒಂದೂವರೆ ವರ್ಷ ಎಳೀಬೇಡಿ. ಯಾಕೆ ಅಂದ್ರೆ ಎಂಜಿನ್ ಪೂರ್ತಿ ಬಿಸಿ ಆಗೋ ಮುಂಚೆ ಆಫ್ ಮಾಡಿದ್ರೆ ಸ್ವಲ್ಪ ಪೆಟ್ರೋಲ್, ಸ್ವಲ್ಪ ನೀರಿನ ಪಸೆ ಆಯಿಲ್ ಒಳಗೇ ಉಳ್ಕೊಳತ್ತೆ, ಆವಿ ಆಗಿ ಹೋಗೋಕೆ ಬಿಸಿ ಸಾಲಲ್ಲ. ಬರೀ ಮಗು ಸ್ಕೂಲು, ತರಕಾರಿ ಅಂಗಡಿ ಅಂತ ಎರಡು ಮೂರು ಕಿಲೋಮೀಟರ್ ಓಡಾಡೋ ಕಾರಿಗೆ ನಾನೂ ಆರು ತಿಂಗಳಿಗೇ ಆಯಿಲ್ ಬದಲಾಯಿಸಿ ಅಂತೀನಿ. ನಿಮ್ದು ಅಷ್ಟು ಕೆಟ್ಟದಾಗಿಲ್ಲ, ಜೊತೆಗೆ ಹಾಸನದ ಟ್ರಿಪ್ ಕಾರಿಗೆ ಒಳ್ಳೇದೇ ಮಾಡ್ತಿದೆ. ಮ್ಯಾನ್ಯುವಲ್‌ನಲ್ಲಿ ಬರೆದಿರೋ ಗ್ರೇಡೇ, ಅಂದ್ರೆ ಆಯಿಲ್ ಎಷ್ಟು ದಪ್ಪ ಅಂತ ಹೇಳೋ ನಂಬರೇ, ನೋಡಿ ಹಾಕ್ಸಿ, 0ಡಬ್ಲ್ಯೂ-20 ಅಂತ ಇದ್ರೆ ಅದೇ, "ನಮ್ಮೂರ ಬಿಸಿಲಿಗೆ ಸ್ವಲ್ಪ ದಪ್ಪ ಇರ್ಲಿ" ಅನ್ನೋ ಮಾತು ಕೇಳ್ಬೇಡಿ. ಹಾ, ಡಿಪ್‌ಸ್ಟಿಕ್, ಅಂದ್ರೆ ಆಯಿಲ್ ಮಟ್ಟ ನೋಡೋ ಕಡ್ಡಿ, ಎಳೆದು ತೋರಿಸಿ "ನೋಡಿ ಎಷ್ಟು ಕಪ್ಪಾಗಿದೆ" ಅಂತ ಹೆದರಿಸ್ತಾರಲ್ಲ, ಅದಕ್ಕೂ ಹೆದರಬೇಡಿ. ಆಯಿಲ್ ಕಪ್ಪಾಗೋದು ಅದು ಕೊಳೆ ಹಿಡ್ಕೊಳ್ತಿದೆ ಅನ್ನೋದಕ್ಕೆ, ಅದರ ಕೆಲಸವೇ ಅದು. ಬಣ್ಣ ಅಲ್ಲ, ಮಟ್ಟ ನೋಡಿ, ತಿಂಗಳಿಗೊಂದ್ಸಲ.

ಈ ಲಿಸ್ಟಲ್ಲಿ ನೀವು ಯಾವುದೇ ಕಾರಣಕ್ಕೂ ಬಿಡಬಾರದ್ದು ಒಂದಿದ್ರೆ ಅದು ಬ್ರೇಕ್ ಆಯಿಲ್, 750 ರೂಪಾಯಿದು. ತಮಾಷೆ ನೋಡಿ, ಜನ ಚೌಕಾಸಿ ಮಾಡಿ ಮೊದಲು ಹೊಡೆದುಹಾಕೋದು ಇದನ್ನೇ, ಯಾಕೆಂದ್ರೆ ಇದರ ಹೆಸರು ಚಿಕ್ಕದು, ಕಣ್ಣಿಗೆ ಏನೂ ಕಾಣಲ್ಲ. ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿರೋ ತೇವ ಹೀರೋ ಗುಣ ಇದೆ, ಡಬ್ಬಿ ಮುಚ್ಚಳ ಬಿಗಿಯಾಗಿದ್ರೂ ರಬ್ಬರ್ ಪೈಪ್ ಮೂಲಕ ನಿಧಾನಕ್ಕೆ ಎಳ್ಕೊಳತ್ತೆ. ಡಾಟ್ 3, ಡಾಟ್ 4 ಅನ್ನೋದು ಬ್ರೇಕ್ ಆಯಿಲ್ ಗ್ರೇಡುಗಳು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಲ್ಲ. ನೂರಕ್ಕೆ ಮೂರೂ ಮುಕ್ಕಾಲಿನಷ್ಟು ನೀರು ಸೇರ್ಕೊಂಡ್ರೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯತ್ತೆ, ಡಾಟ್ 3 ಆದ್ರೆ 140ಕ್ಕೇ. ಸಿಟಿಯಲ್ಲಿ 30ರ ಸ್ಪೀಡಲ್ಲಿ ಹೋಗೋರಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ನನ್ನ ಹತ್ರ ಬರೋ ಒಬ್ರು ಆರು ವರ್ಷ ಮುಟ್ಟದೇ ಇದ್ರು, ಒಂದು ಭಾನುವಾರ ಬೆಳಿಗ್ಗೆ ಫ್ಯಾಮಿಲಿ ಕೂರಿಸ್ಕೊಂಡು ನಂದಿ ಬೆಟ್ಟ ಹತ್ತಿದ್ರು, ಇಳಿಯುವಾಗ ಮೂರನೇ ಗೇರಲ್ಲಿ ಬಿಟ್ಕೊಂಡು ದಾರಿ ಪೂರ್ತಿ ಬ್ರೇಕ್ ಮೇಲೆ ಕಾಲು. ಅರ್ಧ ದಾರೀಲಿ ಪೆಡಲ್ಲು ಸ್ಪಂಜ್ ಒತ್ತಿದ ಹಾಗೆ ಒಳಗೆ ಹೋಗ್ತಿದೆ, ಕಾರು ನಿಲ್ತಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ, ಗುಡ್ಡದ ಕಡೆ ತಾಗಿಸಿ ನಿಲ್ಸಿದ್ರು, ಬರೀ ಬಂಪರ್ ಹೋಯ್ತು. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಪೆಡಲ್ಲು ಮತ್ತೆ ಗಟ್ಟಿ, ಏನೂ ಆಗೇ ಇಲ್ಲ ಅನ್ನೋ ಹಾಗೆ. ಆಯಿಲ್ ಕುದ್ದು ಗುಳ್ಳೆ ಎದ್ದಿತ್ತು, ತಣ್ಣಗಾದ್ಮೇಲೆ ಗುಳ್ಳೆ ಹೋಯ್ತು ಅಷ್ಟೇ. ನಾನು ಅದನ್ನ ಇಳಿಸಿದಾಗ ಬಂದಿದ್ದು ಸ್ಟ್ರಾಂಗ್ ಟೀ ಬಣ್ಣದ ನೀರು. ನೀವು ಹಾಸನಕ್ಕೆ ಹೋಗೋರು, ಯಾವತ್ತೋ ಒಂದು ದಿನ ಹಾಗೇ ಮುಂದೆ ಸಕಲೇಶಪುರದ ಘಾಟಿ ಇಳೀತೀರ. ಸಾಮಾನ್ಯವಾಗಿ ಎರಡು ವರ್ಷಕ್ಕೊಂದ್ಸಲ ಮಾಡಿಸ್ಬೇಕು, ನಿಮ್ದು ಐದು ವರ್ಷದಲ್ಲಿ ಒಂದ್ಸಲಾನೂ ಆದ ದಾಖಲೆ ಇಲ್ಲ.

ನಾಲ್ಕೂ ಚಕ್ರದ ಬ್ರೇಕ್ ಕ್ಲೀನಿಂಗೂ ಮಾಡ್ಸಿ, ಹಿಂದಿನ ಡ್ರಮ್ ಒಳಗೆ ಧೂಳು ಕೂರತ್ತೆ. ಕ್ಲೀನ್ ಮಾಡೋವಾಗ ಮುಂದಿನ ಪ್ಯಾಡ್ ಎಷ್ಟು ಮಿಲಿಮೀಟರ್ ಉಳ್ದಿದೆ ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸ್ಕೊಳ್ಳಿ. ಇದು ಯಾಕೆ ಹೇಳ್ತಿದೀನಿ ಅಂದ್ರೆ ಹನ್ನೊಂದೂವರೆಗೆ ನೀವು ಮೀಟಿಂಗಲ್ಲಿ ಇರುವಾಗ ಫೋನ್ ಬರತ್ತೆ, "ಮೇಡಂ ಬ್ರೇಕ್ ಪ್ಯಾಡ್ ಮುಗ್ದಿದೆ, ಹಾಕ್ಬಿಡ್ಲಾ?" ಅಂತ. ಆಗ ಹ್ಞೂಂ ಅನ್ಬೇಡಿ, ಪ್ಯಾಡ್ ಪಕ್ಕ ಸ್ಕೇಲ್ ಇಟ್ಟು ಫೋಟೋ ಕಳ್ಸಿ ಅನ್ನಿ. ಮೂರು ಮಿಲಿಮೀಟರ್ ಹತ್ರ ಬಂದಿದ್ರೆ ಹಾಕ್ಸಿ, ಆರು ಏಳು ಇದ್ರೆ ಮುಂದಿನ ವರ್ಷ ನೋಡೋಣ.

ಪ್ಲಗ್ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿ ಸಾಕು, ತುದಿಯ ಲೋಹ ನಿಕ್ಕಲ್ಲಾ ಇರಿಡಿಯಮ್ಮಾ. ನಿಕ್ಕಲ್ ಆದ್ರೆ ನಲವತ್ತು ಸಾವಿರಕ್ಕೆ ಬದಲಾಯಿಸೋದು ಸರಿ. ಇರಿಡಿಯಂ ಆದ್ರೆ ಸಾಮಾನ್ಯವಾಗಿ ಲಕ್ಷ ಕಿ.ಮೀ. ಹತ್ರ ಬಾಳಿಕೆ ಬರತ್ತೆ, ಈಗ ಬೇಡ. ನಿಮ್ಮ ಎಸ್ಟಿಮೇಟ್‌ನಲ್ಲಿ ನಾಲ್ಕಕ್ಕೆ 1,100 ಅಂತ ಇರೋದು ನೋಡಿದ್ರೆ ನಿಕ್ಕಲ್ ಥರ ಕಾಣತ್ತೆ, ಆದ್ರೂ ಮ್ಯಾನ್ಯುವಲ್ ನೋಡಿ.

ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ದ್ರವ, ಅದರದ್ದು ಸ್ವಲ್ಪ ಗೋಜಲು. ಹಳೇ ಥರದ್ದು ಎರಡು ವರ್ಷಕ್ಕೇ ಮುಗಿಯತ್ತೆ, ಲಾಂಗ್ ಲೈಫ್ ಅನ್ನೋವು ಅದಕ್ಕಿಂತ ಎಷ್ಟೋ ಹೆಚ್ಚು ಬರತ್ತೆ, ನಿಮ್ಮದು ಯಾವುದು ಅಂತ ಪುಸ್ತಕವೇ ಹೇಳ್ಬೇಕು. ಲಾಂಗ್ ಲೈಫ್ ಆಗಿ, ಅವಧಿ ಇನ್ನೂ ಇದ್ದು, ಮಟ್ಟ ಸರಿ ಇದ್ರೆ 1,400 ಉಳ್ಸಿ. ಆದ್ರೆ ಈ ಐದು ವರ್ಷದಲ್ಲಿ ಯಾರಾದ್ರೂ, ನಿಮ್ಮ ಅಪ್ಪನೋ ಅಪಾರ್ಟ್‌ಮೆಂಟ್ ಕಾರ್ ತೊಳೆಯೋ ಹುಡುಗನೋ, ಮಟ್ಟ ಕಮ್ಮಿ ಇದೆ ಅಂತ ನಲ್ಲಿ ನೀರು ಹಾಕಿದ್ರೆ ಈಗಲೇ ಪೂರ್ತಿ ಬದಲಾಯಿಸಿ. ಬೋರ್‌ವೆಲ್ ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟತ್ತಲ್ಲ, ರೇಡಿಯೇಟರ್ ಸಣ್ಣ ಕೊಳವೆ ಒಳಗೂ ಅದೇ ಕಟ್ಟೋದು.

ಏರ್ ಫಿಲ್ಟರ್, ಎಸಿ ಫಿಲ್ಟರ್ ಎರಡನ್ನೂ ನೀವೇ ನೋಡ್ಬಹುದು. ಬಹಳಷ್ಟು ಹ್ಯಾಚ್‌ಬ್ಯಾಕ್‌ಗಳಲ್ಲಿ ಎಸಿ ಫಿಲ್ಟರ್ ಗ್ಲೋವ್ ಬಾಕ್ಸ್ ಹಿಂದೆನೇ ಇರತ್ತೆ, ಬಾಕ್ಸಿನ ಎರಡು ಪಕ್ಕ ಒಳಗೆ ಒತ್ತಿ ಇಳಿಸಿದ್ರೆ ಒಂದು ಉದ್ದ ಮುಚ್ಚಳ, ಅದರೊಳಗೆ. ಹೋದ ವಾರ ಜಯನಗರದವರೊಬ್ರ ಕಾರಿಂದ ತೆಗೆದೆ, ಬೇವಿನ ಎಲೆ, ಹೊಂಗೆ ಹೂವು, ಪಾರಿವಾಳದ ಪುಕ್ಕ, ಅಡಿಯಲ್ಲಿ ಕಪ್ಪು ಗೊಜ್ಜು. ಅವರು ಎಸಿ ಕೂಲ್ ಆಗ್ತಿಲ್ಲ ಗ್ಯಾಸ್ ಹಾಕಿ ಅಂತ ಬಂದಿದ್ದು. ಎಸಿ ಗ್ಯಾಸು ಪೆಟ್ರೋಲ್ ಥರ ಖರ್ಚಾಗೋದಲ್ಲ, ಮುಚ್ಚಿದ ಪೈಪಲ್ಲಿ ಸುತ್ತೋದು, ವರ್ಷಾ ವರ್ಷಾ ಟಾಪ್ ಅಪ್ ಬೇಕು ಅಂದ್ರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ಎಂಜಿನ್ ಏರ್ ಫಿಲ್ಟರನ್ನ ಬೆಳಕಿಗೆ ಹಿಡಿದು ನೋಡಿ, ಮಡಿಕೆಗಳ ನಡುವೆ ಬೆಳಕು ಕಾಣ್ಲಿಲ್ಲ ಅಂದ್ರೆ ಹಾಕ್ಸಿ. ನೀವಿರೋ ಕಡೆಯಿಂದ ಔಟರ್ ರಿಂಗ್ ರೋಡಿನ ಮೆಟ್ರೋ ಕಾಮಗಾರಿ ಧೂಳು ದಾಟ್ಕೊಂಡು ಹೋಗ್ತೀರ, ನಲವತ್ತು ಸಾವಿರ ಬಂದಿದೆ, ನನ್ನ ಅಂದಾಜು ಅದು ಮುಗ್ದಿರತ್ತೆ.

ಅಲೈನ್‌ಮೆಂಟು, ಬ್ಯಾಲೆನ್ಸಿಂಗು, ಟೈರ್ ರೊಟೇಶನ್ ಈ ಸಲ ಮಾಡಿಸ್ಕೊಳ್ಳಿ. ಆದ್ರೆ ಇದನ್ನ ಕಿಲೋಮೀಟರ್ ಮೇಲೆ ಬಿಡಬೇಡಿ, ನೇರ ರಸ್ತೆಯಲ್ಲಿ ಸ್ಟೀರಿಂಗ್ ಸಡಿಲ ಹಿಡಿದಾಗ ಕಾರು ಒಂದು ಕಡೆ ಎಳೆದ್ರೆ, ಅಥವಾ ಗುಂಡಿಗೆ ಧಡ್ ಅಂತ ಬಿದ್ದ ಮೇಲೆ ಸ್ಟೀರಿಂಗ್ ಸೊಟ್ಟ ನಿಂತ್ರೆ, ಆಗ ಮಾಡಿಸೋದು. 80-90ರಲ್ಲಿ ಸ್ಟೀರಿಂಗ್ ನಡುಗಿದ್ರೆ ಬ್ಯಾಲೆನ್ಸಿಂಗ್. ಟೈರಿಗೆ ನೈಟ್ರೋಜನ್ ತುಂಬಿಸೋಕೆ ದುಡ್ಡು ಕೊಡ್ಬೇಡಿ, ಪುಕ್ಕಟೆ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ.

ಇನ್ನು ಆ ಎರಡನೇ ಅರ್ಧ, ಡೀಲರ್ ಸೇರಿಸಿದ 12,800. ಎಂಜಿನ್ ಫ್ಲಶ್ 650, ಬೇಡ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿರೋ ಎಂಜಿನ್‌ನಲ್ಲಿ ತೊಳೆಯೋಕೆ ಏನೂ ಇರಲ್ಲ, ಬದಲಾಯಿಸದೇ ಇರೋ ಎಂಜಿನ್‌ನಲ್ಲಿ ಹಾಕಿದ್ರೆ ಕಿತ್ತು ಬಂದ ಗಸಿ ಆಯಿಲ್ ಪಂಪ್ ಜಾಲರಿಗೆ ಸಿಕ್ಕಿ ಹೊಸ ತಲೆನೋವು. ಡಿಕಾರ್ಬನೈಸಿಂಗ್ 2,400, ಇದೂ ಬೇಡ. ನಿಮ್ಮ ಎಂಜಿನ್‌ನಲ್ಲಿ ಪೆಟ್ರೋಲ್ ವಾಲ್ವ್ ಹಿಂದೆ ಸಿಂಪಡಿಸತ್ತೆ, ಅದೇ ವಾಲ್ವ್ ತೊಳ್ಕೊಂಡು ಹೋಗತ್ತೆ. ಪೆಟ್ರೋಲನ್ನ ನೇರ ಸಿಲಿಂಡರ್ ಒಳಗೇ ಸಿಂಪಡಿಸೋ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ವಾಲ್ವ್ ಮೇಲೆ ಮಸಿ ಕಟ್ಟೋದು ನಿಜವಾದ ಸಮಸ್ಯೆ, ಆ ಕಥೆಯನ್ನೇ ತಂದು ಎಲ್ಲಾ ಕಾರಿಗೂ ಮಾರ್ತಾರೆ. ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡೋ ಬಾಗಿಲು), ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸೋ ಮೂತಿ) ಕ್ಲೀನಿಂಗ್ 2,100, ಇದನ್ನ ನಾನು ಪೂರ್ತಿ ಮೋಸ ಅನ್ನಲ್ಲ, ನಿಂತಾಗ ಎಂಜಿನ್ ಏರಿಳಿತ ಆಗ್ತಿದ್ರೆ, ಸಿಗ್ನಲ್‌ನಲ್ಲಿ ಆಫ್ ಆಗ್ತಿದ್ರೆ, ಪಿಕಪ್ ಬಿದ್ದಿದ್ರೆ ಥ್ರಾಟಲ್ ಕ್ಲೀನ್ ಮಾಡಿದ್ಮೇಲೆ ಚೆನ್ನಾಗಿ ಆಗಿದ್ದು ನಾನೇ ನೋಡಿದೀನಿ. ನೀವು ಅಂಥದ್ದೇನೂ ಬರೆದಿಲ್ಲ. ಜ್ವರ ಇಲ್ಲದೇ ಮಾತ್ರೆ ಯಾಕೆ.

ಎಸಿ ಟ್ರೀಟ್‌ಮೆಂಟ್ 1,500. ವಾಸನೆ ಬರ್ತಿದ್ರೆ ಯೋಚಿಸಿ, ಇಲ್ದಿದ್ರೆ ಹೊಸ ಫಿಲ್ಟರ್ ಸಾಕು. ಆಫೀಸ್ ಗೇಟ್ ಹತ್ರ ಬಂದಾಗ ಎಸಿ ಬಟನ್ ಆಫ್ ಮಾಡಿ ಫ್ಯಾನ್ ಮಾತ್ರ ಎರಡು ನಿಮಿಷ ಬಿಡಿ, ಒಳಗಿನ ತೇವ ಒಣಗತ್ತೆ, ಆ ಒದ್ದೆ ಸಾಕ್ಸ್ ವಾಸನೆ ಹುಟ್ಟೋದೇ ಆ ತೇವದಿಂದ. ಎಂಜಿನ್ ಡ್ರೆಸ್ಸಿಂಗ್ 700 ಅಂದ್ರೆ ಬಾನೆಟ್ ಕೆಳಗೆ ಪಾಲಿಶ್, ಎರಡು ದಿನಕ್ಕೆ ಧೂಳು ಇನ್ನೂ ಚೆನ್ನಾಗಿ ಅಂಟತ್ತೆ. ಒಳಗಿನ ಕ್ಲೀನಿಂಗ್ 1,800 ನಿಮ್ಮಿಷ್ಟ, ಅದು ಮೇಂಟೆನೆನ್ಸ್ ಅಲ್ಲ, ಮನಸ್ಸಿನ ಸಮಾಧಾನ.

ಅಂಡರ್‌ಬಾಡಿ ಕೋಟಿಂಗ್ 3,200, ಇದರ ಬಗ್ಗೆ ನಾನು ಕಟ್ಟುನಿಟ್ಟು. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಇರೋ ಕಾರಿಗೆ ಅರ್ಥ ಇದೆ. ಸಮುದ್ರದಿಂದ ಇಷ್ಟು ದೂರದಲ್ಲಿ, 900 ಮೀಟರ್ ಎತ್ತರದಲ್ಲಿ ಕೂತಿರೋ ಬೆಂಗಳೂರಿನ ಕಾರಿಗೆ ಐದು ವರ್ಷ ಆದ್ಮೇಲೆ ಕಪ್ಪು ಡಾಂಬರು ಬಳಿದ್ರೆ ಆಗೋದೇನು ಅಂದ್ರೆ, ಸರಿಯಾಗಿ ತೊಳೆದು ಒಣಗಿಸದೇ ಹೊಡೆದಿದ್ರೆ ಕೆಳಗಿನ ತೇವ, ಕೆಸರು ಅಲ್ಲೇ ಸೀಲ್ ಆಗತ್ತೆ, ನೀರು ಹೋಗೋ ತೂತುಗಳೂ ಮುಚ್ಚತ್ತೆ. ತುಕ್ಕು ತಡೆಯೋಕೆ ಹೋಗಿ ತುಕ್ಕಿಗೆ ಮನೆ ಕಟ್ಟಿಕೊಟ್ಟ ಹಾಗೆ.

ಇಲಿ ಸ್ಪ್ರೇ 450, ನಗಬೇಡಿ, ಇಲಿ ಮಾತ್ರ ನಿಜ. ಬೇಸ್‌ಮೆಂಟ್ ಪಾರ್ಕಿಂಗ್‌ನಿಂದ ವೈರ್ ಕಚ್ಚಿಸ್ಕೊಂಡು ಟೋ ಆಗಿ ಬರೋ ಕಾರುಗಳು ನನ್ನ ಗ್ಯಾರೇಜಿಗೆ ಪ್ರತಿ ಮಳೆಗಾಲದಲ್ಲಿ ಬರ್ತವೆ. ಸ್ಪ್ರೇ ವಾಸನೆ ಕೆಲವು ವಾರಕ್ಕೆ ಹೋಗತ್ತೆ. ಹಳೇ ಡ್ರೈವರ್‌ಗಳು ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ತಾರೆ, ಅದೂ ವಾಸನೆ ಇರೋವರೆಗೆ ಮಾತ್ರ. ಕಾರಲ್ಲಿ ಚಿಪ್ಸ್, ಬಿಸ್ಕೆಟ್ ಬಿಡ್ದೇ ಇರೋದು, ಕಸದ ಡಬ್ಬಿ ಪಕ್ಕ ನಿಲ್ಲಿಸ್ದೇ ಇರೋದು, ವಾರಗಟ್ಟಲೆ ಒಂದೇ ಕಡೆ ಬಿಡ್ದೇ ಇರೋದು, ಇಷ್ಟು ಮಾಡಿ.

ಎಲ್ಲಿ ಮಾಡಿಸೋದು ಅನ್ನೋದು ಎಕ್ಸ್‌ಟೆಂಡೆಡ್ ವಾರಂಟಿ ಮೇಲೆ ನಿಂತಿದೆ, ನೀವು ಅದನ್ನ ಬರೆದಿಲ್ಲ. ಇನ್ನೂ ಇದ್ರೆ ಕಂಪನಿ ಸೆಂಟರ್‌ನಲ್ಲೇ ಮಾಡ್ಸಿ, ಆ 12,800ರ ಸಾಲುಗಳ ಮೇಲೆ ಪೆನ್ನಲ್ಲಿ ಗೀಟು ಎಳೆದು ಆಮೇಲೆ ಸೈನ್ ಹಾಕಿ, ಸರ್ವಿಸ್ ದಾಖಲೆಯಲ್ಲಿ ಗ್ಯಾಪ್ ಇದ್ರೆ ನಾಳೆ ಕ್ಲೇಮ್ ಹೊತ್ತಲ್ಲಿ ಅದನ್ನೇ ಹಿಡ್ಕೊಂಡು ಜಗ್ಗಾಡ್ತಾರೆ. ಹೇಗೂ ಮ್ಯಾನ್ಯುವಲ್‌ನಲ್ಲಿ ಇಲ್ಲದ್ದನ್ನ ಮಾಡ್ಸಿಲ್ಲ ಅಂತ ಯಾರೂ ವಾರಂಟಿ ತೆಗೆಯೋ ಹಾಗಿಲ್ಲ. ವಾರಂಟಿ ಮುಗ್ದಿದ್ರೆ ನನ್ನಂಥ ಹೊರಗಿನ ಗ್ಯಾರೇಜಲ್ಲಿ ಲೇಬರ್ ಕಮ್ಮಿ ಬೀಳತ್ತೆ, ಆದ್ರೆ ಅಪಾಯ ಬೇರೆ ಥರದ್ದು, ಡೂಪ್ಲಿಕೇಟ್ ಪಾರ್ಟು, ಲೂಸ್ ಆಯಿಲ್. ಸೀಲ್ ಇರೋ ಕ್ಯಾನ್ ನಿಮ್ಮೆದುರಿಗೇ ಒಡೀಲಿ. ಕಾರಿನ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ ಒರಿಜಿನಲ್ಲೂ ಸಿಗತ್ತೆ, ಒರಿಜಿನಲ್ ಥರದ್ದೂ ಸಿಗತ್ತೆ, ನೀವೇ ತರೋದಾದ್ರೆ ಜಿಎಸ್‌ಟಿ ಬಿಲ್ ಕೊಡೋ ಅಂಗಡಿಯಿಂದ ಮಾತ್ರ ತನ್ನಿ. ಎಲ್ಲೇ ಮಾಡಿಸಿದ್ರೂ ಹಳೇ ಪಾರ್ಟ್‌ಗಳನ್ನ ಡಿಕ್ಕಿಯಲ್ಲಿ ಇಡೋಕೆ ಮೊದಲೇ ಹೇಳಿ. ಆ ಒಂದು ಮಾತು ಹೇಳಿದ್ರೆ ಸಾಕು, ಹಳೇ ಫಿಲ್ಟರ್ ಊದಿ ಮತ್ತೆ ಹಾಕೋ ಕೆಲಸ ಅರ್ಧ ನಿಂತುಹೋಗತ್ತೆ.

ಎಸ್ಟಿಮೇಟ್‌ನಲ್ಲಿ ಇಲ್ಲದ ಎರಡು ವಿಷಯ ನಾನು ಸೇರಿಸ್ತೀನಿ. ಟೈರ್ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಲ್ಲಿ ನಾಲ್ಕು ಅಂಕಿ ಇರತ್ತೆ, 2120 ಅಂತಿದ್ರೆ 2020ರ 21ನೇ ವಾರ ತಯಾರಾಗಿದ್ದು. ಐದು ವರ್ಷ ದಾಟಿದೆ ಅಂದ್ರೆ ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಇದ್ಯಾ ನೋಡಿ, ಪಟ್ಟಿಗಳ ನಡುವಿನ ಗುರುತಿನ ಮಟ್ಟಕ್ಕೆ, ಅಂದ್ರೆ 1.6 ಮಿಲಿಮೀಟರ್‌ಗೆ, ಸವೆದಿದ್ರೆ ಹಾಸನದ ದಾರಿಯಲ್ಲಿ ಮಳೆಗೆ ಜಾರತ್ತೆ. ಇನ್ನೊಂದು ಬ್ಯಾಟರಿ, ಮೊದಲಿನದ್ದೇ ಇದ್ರೆ ಲೋಡ್ ಟೆಸ್ಟ್ ಮಾಡಿಸಿ. ನೀವು ದಾರಿಯಲ್ಲಿ ನಿಲ್ತೀನೇನೋ ಅಂತ ಹೆದರಿದ್ರಲ್ಲ, ಡಿಕಾರ್ಬನೈಸಿಂಗ್ ಮಾಡ್ಸಿಲ್ಲ ಅಂತ ನಿಂತ ಕಾರು ನಾನು ಇವತ್ತಿನವರೆಗೂ ನೋಡಿಲ್ಲ, ಬ್ಯಾಟರಿ ಸತ್ತು ನಿಂತಿದ್ದು ವಾರಕ್ಕೆ ಮೂರು ಬರ್ತವೆ.

ಆಯುಧ ಪೂಜೆ ವಿಷಯಕ್ಕೆ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ, ಆದ್ರೆ ಹಬ್ಬದ ಹಿಂದಿನ ವಾರ ಮಾತ್ರ ಕಾರನ್ನ ಸರ್ವಿಸ್‌ಗೆ ಕೊಡಬೇಡಿ. ಆ ವಾರ ಊರಲ್ಲಿರೋ ಎಲ್ಲಾ ಗ್ಯಾರೇಜಲ್ಲೂ ಕಾರು ತೊಳೆಯೋಕೇ ಜನ ಸಾಲಲ್ಲ, ಮೆಕ್ಯಾನಿಕ್ ಒಂದು ಕಣ್ಣು ನಿಮ್ಮ ಬ್ರೇಕ್ ಮೇಲೆ, ಇನ್ನೊಂದು ಕಣ್ಣು ಹಿಂದಿರೋ ಹದಿನೈದು ಕಾರಿನ ಮೇಲೆ. ಎರಡು ವಾರ ಮುಂಚೆ, ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಎಂಟೂವರೆಗೆ ಮೊದಲ ಸ್ಲಾಟ್ ತಗೊಳ್ಳಿ, ಹಬ್ಬದ ದಿನ ಮನೇಲೇ ತೊಳೆದು ನಿಂಬೆಹಣ್ಣು ಇಟ್ರೆ ಆಯ್ತು.